ಖಾಲಿ ಬಾಟಲಿ ತೋರಿಸುವುದು

ಸೊರಟೂರ ದಾಟಿ ಎರಡು ಕಿಲೋಮೀಟರು ಬಂದ ಮೇಲೆ ತಸ್ಲೀಮ ಸೈಕಲ್ ನಿಲ್ಲಿಸಿದಳು, ಹಿಂದೊಮ್ಮೆ ಮುಂದೊಮ್ಮೆ ನೋಡಿದಳು, ಬಾಟಲಿಯ ಮುಚ್ಚಳ ತಿರುವಿ ಒಳಗಿದ್ದ ಅಷ್ಟೂ ನೀರನ್ನು ರಸ್ತೆಯ ಪಕ್ಕದ ಎರೆಮಣ್ಣಿಗೆ ಸುರಿದಳು. ಕುಡಿಯಲಿ, ಮಣ್ಣಿಗೇನು, ಆಮೇಲೆ ಎಲ್ಲಿ ಕೂರಲಿ ಎಂಬ ಚಿಂತೆ ಅದಕ್ಕಿಲ್ಲ. ಲಿಂಬೆ, ಉಪ್ಪು, ಸಕ್ಕರೆ ಬೆರೆಸಿದ ನೀರು. ವೀರೇಶ ಕೊಟ್ಟ ಚಾರ್ಟಿನ ಪ್ರಕಾರ ಚಮಚದಲ್ಲಿ ಅಳೆದು ಹಾಕಿದ್ದು. ಚಾರ್ಟಂತೆ! ವಿಮೆ ಮಾರುವ ಮನುಷ್ಯ, ನಾಲ್ಕು ವಿಡಿಯೋ ನೋಡಿ ದೇಹಶಾಸ್ತ್ರದ ಪಂಡಿತನಾಗಿಬಿಟ್ಟವನು, ಸೈಕಲ್ ಬಳಗಕ್ಕೆ ಕ್ಯಾಪ್ಟನ್ ಬೇರೆ. ಹದಿನೈದು ನಿಮಿಷಕ್ಕೆ ಎರಡು ಗುಟುಕು, ತಾಸಿಗೆ ಒಂದು ಬಾಟಲಿ, ಮುಕ್ಕಾಲು ತಾಸಿಗೊಮ್ಮೆ ಒಂದು ಬಾಳೆಹಣ್ಣು ಇಲ್ಲವೆ ಎರಡು ಖಜೂರ. ನಿಂತಲ್ಲೆಲ್ಲ ಎಲ್ಲರೂ ಬಾಟಲಿಯನ್ನು ತಲೆಕೆಳಗು ಮಾಡಿ ಅವನಿಗೆ ತೋರಿಸಬೇಕು. ನಾಲ್ಕು ಹನಿ ಬಿದ್ದರೂ ಮನೆಪಾಠ ಬರೆಯದ ಹುಡುಗನನ್ನು ನೋಡುವ ಹಾಗೆ ನೋಡುತ್ತಾನೆ. ಆರು ಗಂಡಸರು, ಇವಳೊಬ್ಬಳು. ಗದಗಿನಿಂದ ಶಿರಹಟ್ಟಿ, ಲಕ್ಷ್ಮೇಶ್ವರ, ತಿರುಗಿ ಶಿರಹಟ್ಟಿ, ಅಲ್ಲಿಂದ ಮುಂಡರಗಿ, ಕೊರ್ಲಹಳ್ಳಿಯ ಹೊಳೆ ಮುಟ್ಟಿ ವಾಪಸ್ ಗದಗ: ನೂರೈವತ್ತಕ್ಕೂ ಮೇಲೆ ಕಿಲೋಮೀಟರು, ಸಂಜೆ ಐದರೊಳಗೆ. ಬಳಗದಲ್ಲಿ ಇದುವರೆಗೆ ಯಾವ ಹೆಂಗಸೂ ಮಾಡಿಲ್ಲ. ಮಾಡುವುದೇನು, ಸೇರಿಯೇ ಇಲ್ಲ. ನವೆಂಬರಿನಲ್ಲಿ ಇವಳು ಸೇರಿದ ದಿನ ವೀರೇಶ ಬಟ್ಟೆಯಂಗಡಿಯ ನಿಜಾಮುದ್ದೀನನಿಗೆ ಹೇಳಿದ್ದು ಇವಳ ಕಿವಿಗೆ ಬಿದ್ದಿತ್ತು: “ಹೆಣ್ಮಕ್ಕಳು ಬಂದ್ರ ಸ್ಟಾಪ್ ಭಾಳ ಆಕ್ಕಾವಪಾ.” ಕೆಟ್ಟ ಮನಸ್ಸಿನಿಂದ ಹೇಳಿರಲಿಲ್ಲ, ಅದೇ ಇನ್ನಷ್ಟು ಸಿಟ್ಟು ತರಿಸಿತ್ತು. ಅಂದೇ ತೀರ್ಮಾನ ಮಾಡಿದ್ದಳು. ಈ ಆರು ಜನರ ಎದುರು ತನಗೊಂದು ದೇಹವಿದೆ ಎಂಬುದನ್ನೇ ತೋರಿಸಿಕೊಳ್ಳಬಾರದು. ಒಂದೇ ಒಂದು ಸ್ಟಾಪ್ ತಾನಾಗಿ ಕೇಳದೆ ಈ ದಾರಿ ಮುಗಿಸಬೇಕು. ಕುಡಿಯದಿದ್ದರೆ ನಿಲ್ಲುವ ಪ್ರಶ್ನೆಯೇ ಬರುವುದಿಲ್ಲ; ಹತ್ತನೆಯ ಇಯತ್ತೆಗೆ ಗಣಿತ ಕಲಿಸುವವಳಿಗೆ ಇಷ್ಟು ಲೆಕ್ಕ ಬಾರದೆ?

ಶಿರಹಟ್ಟಿಯ ಹೊರಗಿನ ಚಹಾದಂಗಡಿಯ ಮುಂದೆ ಬಾಟಲಿ ತಪಾಸಣೆಯಾಯಿತು. ಇವಳದು ತಲೆಕೆಳಗಾದಾಗ ಒಂದು ಹನಿಯೂ ಬೀಳಲಿಲ್ಲ. “ಶಾಬಾಸ್ ಮೇಡಂ. ನೋಡ್ರಲೇ, ಮೇಡಂನ್ನ ನೋಡಿ ಕಲೀರಿ,” ಎಂದ ವೀರೇಶ. ನಿಜಾಮುದ್ದೀನನ ಬಾಟಲಿಯಲ್ಲಿ ಅರ್ಧ ನೀರು ಹಾಗೇ ಇತ್ತು. ಅವನು ತನ್ನ ಹೊಟ್ಟೆ ಸವರಿಕೊಂಡು, “ನನ್ನ ಟಾಂಕಿ ತುಂಬೇ ಐತಿ ಕ್ಯಾಪ್ಟನ್,” ಎಂದು ನಕ್ಕ. ಮತ್ತೆ ಎಲ್ಲರೂ ಬಾಟಲಿ ತುಂಬಿಸಿಕೊಂಡರು, ಇವಳೂ ತುಂಬಿಸಿಕೊಂಡಳು, ಚೆಲ್ಲುವುದಕ್ಕೆ. ಅಷ್ಟರಲ್ಲಿ ಒಬ್ಬೊಬ್ಬರಾಗಿ ಗಂಡಸರು ರಸ್ತೆ ಬಿಟ್ಟು ನಾಲ್ಕು ಹೆಜ್ಜೆ ಇಳಿದು, ಜಗತ್ತಿಗೆ ಬೆನ್ನು ತೋರಿಸಿ ಸಾಲಾಗಿ ನಿಂತರು. ಎಂಥ ಬೆನ್ನುಗಳು! ನಿಂತು ಮಾತಾಡುತ್ತಾರೆ ಬೇರೆ, ಗಾಳಿಕಂಬದ ರೆಕ್ಕೆ ಎಷ್ಟು ಉದ್ದ, ಈ ಸಲ ಕಡಲೆ ಹೇಗೆ ಬಂದಿದೆ ಎಂದು. ಇಡೀ ಗದಗ ಜಿಲ್ಲೆಯನ್ನು ಇವರ ಅಜ್ಜಂದಿರು ಇವರಿಗೆ ಇದಕ್ಕೆಂದೇ ಬರೆದುಕೊಟ್ಟ ಹಾಗೆ. ತಸ್ಲೀಮ ಚೈನಿಗೆ ಎಣ್ಣೆ ಬಿಡುವವಳಂತೆ ಬಗ್ಗಿ ಕೂತಳು. ಬೆಳಿಗ್ಗೆ ಐದಕ್ಕೆ ಅರ್ಧ ಲೋಟ ಚಹಾ ಕುಡಿದದ್ದು, ಅಷ್ಟೇ. ಅತ್ತೆ ಖೈರುನಬಿ ಬಾಗಿಲಲ್ಲಿ ನಿಂತು, ರೋಜಾ ತಿಂಗಳು ಇನ್ನೂ ಬಂದಿಲ್ಲವಲ್ಲ, ಈಗಲೇ ಯಾಕೆ ಉಪವಾಸ ಎಂದು ಕೇಳಿದ್ದಳು. ಮುದುಕಿಗೆ ಕಣ್ಣು ಮಂದ, ಆದರೂ ಎಲ್ಲ ಕಾಣುತ್ತದೆ. ರೋಜಾಕ್ಕೆ ಒಂದು ಸಂಜೆಯಿದೆ, ಬಿಡುವಾಗ ಎಲ್ಲರೂ ಒಟ್ಟಿಗೆ ಕೂರುತ್ತಾರೆ. ಇದು ಬೇರೆ, ಇದರಲ್ಲಿ ದೇವರಿಗೆ ಏನೂ ಸಲ್ಲುವುದಿಲ್ಲ, ಇದು ಬರೀ ಹಟ. ಹಾಗೆಂದು ಗೊತ್ತಿದ್ದೂ ಹಟಕ್ಕೆ ಒಂದು ರುಚಿ ಇತ್ತು, ಒಣಗಿದ ನಾಲಿಗೆಗೆ ಅದೊಂದೇ ರುಚಿ ತಿಳಿಯುತ್ತಿತ್ತು.

ಈ ವಿದ್ಯೆ ಅವಳಿಗೆ ಹೊಸದಲ್ಲ. ತಾನು ಕಲಿತ ಶಾಲೆಯಲ್ಲಿ ಹುಡುಗಿಯರಿಗೆಂದು ಇದ್ದದ್ದು ಛಾವಣಿಯಿಲ್ಲದ ಮೂರು ಗೋಡೆ. ನಾಲ್ಕನೆಯದನ್ನು ಯಾರೋ ಕಟ್ಟುತ್ತಾರೆ ಎಂದು ಐದು ವರ್ಷ ಕಾದಿದ್ದರು. ಬೆಳಿಗ್ಗೆ ಏಳರ ನಂತರ ನೀರು ಮುಟ್ಟದಿರುವುದು, ಮಧ್ಯಾಹ್ನ ರೊಟ್ಟಿಯನ್ನು ಉಗುಳಿನಲ್ಲೇ ನೆನೆಸಿ ನುಂಗುವುದು, ಬಾಯಿ ಒಣಗಿದರೆ ಹುಣಸೆಬೀಜ ಚೀಪುವುದು, ಎಲ್ಲವನ್ನೂ ಅಲ್ಲೇ ಕಲಿತಳು. ಈಗ ಬೆಟಗೇರಿಯ ಶಾಲೆಯಲ್ಲಿ ಅವಳೇ ಮೇಡಂ. ಅಲ್ಲಿ ನಾಲ್ಕು ಗೋಡೆಯೂ ಇದೆ, ಬಾಗಿಲೂ ಇದೆ, ಬಾಗಿಲಿಗೆ ಬೀಗವೂ ಇದೆ. ಬೀಗದ ಕೀಲಿ ಇರುವುದು ತಸ್ಲೀಮಳ ಗೊಂಚಲಿನಲ್ಲಿ, ಮನೆಯ ಕೀಲಿ, ಗಾಡ್ರೇಜ್ ಕಪಾಟಿನ ಕೀಲಿಯ ಜೊತೆ. ನಳದ ನೀರು ಎಂಟು ಹತ್ತು ದಿನಕ್ಕೊಮ್ಮೆ. ನೂರಿಪ್ಪತ್ತು ಹುಡುಗಿಯರಿಗೆ ಬಿಟ್ಟರೆ ಟಾಂಕಿ ಎರಡೇ ದಿನಕ್ಕೆ ಬರಿದು, ಆಮೇಲೆ ಐದು ಜನ ಮೇಡಂಗಳ ಗತಿಯೇನು? ಹೆಡ್‌ಮಾಸ್ತರರು ಕೀಲಿ ಕೊಟ್ಟು, ನೀವು ಕಟ್ಟುನಿಟ್ಟು, ನಿಮ್ಮ ಹತ್ತಿರವೇ ಇರಲಿ ಎಂದಾಗ ಅವಳಿಗೆ ಖುಷಿಯಾಗಿತ್ತು, ಈಗ ನೆನೆದರೆ ಮೈ ಹಿಡಿಯಾಗುವಂಥ ಖುಷಿ. ಹುಡುಗಿಯರು ಬಂದು ಕೇಳಬೇಕು. ಕೇಳಿದರೆ ಇವಳು “ಯಾಕ?” ಎನ್ನುತ್ತಾಳೆ. ಅಷ್ಟೇ, ಒಂದೇ ಮಾತು. ಕೈನಾತ ಎಂಬ ಹುಡುಗಿ, ಹತ್ತನೆಯ ಇಯತ್ತೆ, ಮೊದಲ ಬೆಂಚು, ಹೋದ ತಿಂಗಳು ತ್ರಿಕೋನಮಿತಿಯ ನಡುವೆ ಎದ್ದು ಕೀಲಿ ಕೇಳಿದಾಗಲೂ ಅದನ್ನೇ ಅಂದಿದ್ದಳು, ಸೀಮೆಸುಣ್ಣದ ಕೈ ಬೋರ್ಡಿನ ಮೇಲೇ ಇಟ್ಟುಕೊಂಡು. ಹಿಂದಿನ ಬೆಂಚಿನಲ್ಲಿ ಹುಡುಗರು ಕಿಸಕ್ಕೆಂದರು. “ಏನಿಲ್ರಿ ಮೇಡಂ,” ಎಂದು ಕೈನಾತ ಕೂತುಬಿಟ್ಟಳು. ತರಗತಿ ಮುಗಿದ ಮೇಲೆ ಇವಳು ಅವಳನ್ನು ಕರೆದು ತನ್ನ ವಿದ್ಯೆಯನ್ನೇ ಹೇಳಿಕೊಟ್ಟಿದ್ದಳು, ಏಳರ ನಂತರ ನೀರು ಬೇಡ, ರೂಢಿಯಾಗುತ್ತದೆ, ನಾನು ನೋಡು ಹೇಗಿದ್ದೇನೆ ಎಂದು, ಏನೋ ದೊಡ್ಡ ಉಪಕಾರ ಮಾಡಿದವಳ ದನಿಯಲ್ಲಿ. ಹುಡುಗಿ ತಲೆಯಾಡಿಸಿದ್ದಳು. ವೀರೇಶ ಚಾರ್ಟು ಕೊಟ್ಟಾಗ ಗಂಡಸರು ಆಡಿಸುವುದಿಲ್ಲವೆ, ಹಾಗೆ.

ಲಕ್ಷ್ಮೇಶ್ವರದ ಖಾನಾವಳಿಯಲ್ಲಿ ಒಂಬತ್ತೂವರೆಗೆ ಎಲ್ಲರೂ ಇಡ್ಲಿ, ಗಿರಮಿಟ್ಟು, ಮೇಲೆ ಮಿರ್ಚಿ ಭಜಿ ಎಂದು ಹೊಡೆದರು. ಚಾರ್ಟಿನಲ್ಲಿ ಮಿರ್ಚಿ ಇಲ್ಲ ಎಂದು ಯಾರೂ ವೀರೇಶನಿಗೆ ನೆನಪಿಸಲಿಲ್ಲ, ಮೂರು ಅವನೇ ತಿಂದ. ತಸ್ಲೀಮ ಒಂದು ಖಜೂರ ಬಾಯಿಗೆ ಹಾಕಿಕೊಂಡಳು. ಅದು ಅಂಗುಳಿಗೆ ಅಂಟಿಕೊಂಡು ಕೂತಿತು, ನುಂಗಲು ನೀರು ಬೇಕು, ನೀರು ಕುಡಿಯುವ ಹಾಗಿಲ್ಲ. ಖಾನಾವಳಿಯ ಹಿಂದೆ ಏನಾದರೂ ಇದೆಯೇನೋ ಎಂದು ಕೈ ತೊಳೆಯುವ ನೆಪದಲ್ಲಿ ಹೋಗಿ ನೋಡಿದಳು: ಒಂದು ಗೋಡೆ, ಗೋಡೆಯ ಉದ್ದಕ್ಕೂ ಒದ್ದೆ, ಗಂಡಸರದು. ತಿರುಗಿ ಬಂದು ಖಜೂರವನ್ನು ಕಾಗದಕ್ಕೆ ಉಗುಳಿದಳು. ಅದೇ ಹೊತ್ತಿಗೆ ಫೋನು ಬಂತು. ಸುನಿತಾ, ವಿಜ್ಞಾನದ ಮೇಡಂ, ಹತ್ತನೆಯವರಿಗೆ ಆದಿತ್ಯವಾರದ ವಿಶೇಷ ತರಗತಿ ತೆಗೆದುಕೊಳ್ಳಲು ಶಾಲೆಗೆ ಹೋದವಳು.

“ತಸ್ಲೀಮ ಮೇಡಂ, ಪಾಯಖಾನಿ ಕೀಲಿ ಎಲ್ಲಿಟ್ಟೀರಿ? ಕೈನಾತ ಹೊಟ್ಟಿ ಹಿಡಕೊಂಡು ಕುಂತಾಳ್ರಿ, ಬೆವತಾಳ. ಭಾಳ ತ್ರಾಸ ಆಗೇತಿ ಅನಸ್ತದ.”

ಕೀಲಿಗೊಂಚಲು ಸೀಟಿನ ಕೆಳಗಿನ ಚೀಲದಲ್ಲಿತ್ತು, ಪಂಕ್ಚರ್ ಸಾಮಾನಿನ ಜೊತೆ. ಹೊರಡುವಾಗ ಮನೆಗೆ ಬೀಗ ಹಾಕುವ ಅಭ್ಯಾಸದಿಂದ ಪೂರ್ತಿ ಗೊಂಚಲನ್ನೇ ತಂದಿದ್ದಳು. ನನ್ನ ಹತ್ತಿರ ಇದೆ, ಬೀಗ ಒಡೆಯಿರಿ ಎನ್ನಬೇಕು, ಎರಡು ಮಾತು. ಎದುರಿಗೆ ವೀರೇಶ ಎಣ್ಣೆ ಬೆರಳು ಒರೆಸಿಕೊಳ್ಳುತ್ತ ಇವಳನ್ನೇ ನೋಡುತ್ತಿದ್ದ. ಅವನ ಮುಂದೆ ಪಾಯಖಾನೆ ಎಂಬ ಮಾತನ್ನು ಬಾಯಿಂದ ಹೊರಡಿಸಬೇಕು. “ಗೊತ್ತಿಲ್ರಿ,” ಎಂದಳು. “ಅಲ್ಲೇ ಎಲ್ಲೋ ಇರಬೇಕು, ಹುಡುಕ್ರಿ.” ಫೋನು ಇಟ್ಟಳು. “ಏನಾತ್ರಿ ಮೇಡಂ?” ಎಂದ ವೀರೇಶ. “ಏನಿಲ್ರಿ,” ಎಂದಳು. ತನ್ನ ಬಾಯಲ್ಲಿ ಬಂದದ್ದು ಕೈನಾತಳ ಮಾತು ಎಂದು ಶಿರಹಟ್ಟಿ ಮತ್ತೆ ದಾಟುವವರೆಗೆ ಹೊಳೆಯಲಿಲ್ಲ. ಹೊಳೆದ ಮೇಲೆ ಅದನ್ನು ಅಲ್ಲಿಗೇ ಬಿಡಲು ನೋಡಿದಳು, ಪೆಡಲ್ ಜೋರಾಗಿ ತುಳಿದಳು, ಗಂಡಸರನ್ನು ಹಿಂದೆ ಹಾಕಿದಳು.

ಮುಂಡರಗಿಯ ರಸ್ತೆಯಲ್ಲಿ ನೆರಳೆಂಬುದಿಲ್ಲ. ಫೆಬ್ರವರಿಯ ಬಿಸಿಲು, ಎಡಕ್ಕೆ ದೂರದಲ್ಲಿ ಗುಡ್ಡ, ಎರಡೂ ಕಡೆ ಚಪ್ಪಟೆ ಹೊಲ. ಜೋಳ ಕೊಯ್ದಾಗಿದೆ, ಕಡಲೆ ಗಿಡ ಮೊಣಕಾಲಿಗೂ ಬರುವುದಿಲ್ಲ. ಒಂದು ಕೋಳಿ ಕೂತರೂ ಹರದಾರಿ ದೂರಕ್ಕೆ ಕಾಣುವ ನೆಲ. ಹನ್ನೊಂದೂವರೆಯ ಹೊತ್ತಿಗೆ ಅವಳ ಬೆವರು ನಿಂತಿತ್ತು. ಬೆವರು ನಿಲ್ಲುವುದು ಒಳ್ಳೆಯದಲ್ಲ ಎಂದು ಚಾರ್ಟಿನ ಕೊನೆಯಲ್ಲಿ ಕೆಂಪಕ್ಷರದಲ್ಲಿತ್ತು. ಅವಳು ಅದನ್ನು ಓದಿ ನಕ್ಕಿದ್ದಳು. ಹಣೆಯ ಎರಡೂ ಬದಿ ಬಡಿಯುತ್ತಿತ್ತು, ಎಡತೊಡೆ ಹಿಡಿದುಕೊಂಡು ಬಿಟ್ಟು ಮತ್ತೆ ಹಿಡಿಯುತ್ತಿತ್ತು, ಡಾಂಬರು ಒಮ್ಮೆ ಹತ್ತಿರ ಒಮ್ಮೆ ದೂರ ಹೋಗುತ್ತಿತ್ತು. ಕೈನಾತ ಬೆವತಾಳ. ಬೆವರುವುದಾದರೂ ಬೆವರುತ್ತಿದ್ದಾಳಲ್ಲ ಎಂದುಕೊಂಡಳು, ಅಂದುಕೊಂಡದ್ದಕ್ಕೆ ಹೇಸಿಗೆಯಾಯಿತು. ಕೊರ್ಲಹಳ್ಳಿಗೆ ಇನ್ನೆಷ್ಟು? ಹೊಳೆ ಮುಟ್ಟಿದರೆ ಅರ್ಧ ಗೆದ್ದ ಹಾಗೆ, ಫೋಟೋ ತೆಗೆಯುತ್ತಾರೆ, ಬಳಗದ ಗುಂಪಿಗೆ ಹಾಕುತ್ತಾರೆ, ಗಂಡ ಅಝೀಮ ಅದನ್ನು ತನ್ನ ಗೆಳೆಯರಿಗೆಲ್ಲ ಕಳಿಸುತ್ತಾನೆ. ಬಾಟಲಿ ತುಂಬಿತ್ತು. ಮುಂಡರಗಿಯಲ್ಲಿ ಮತ್ತೆ ತಪಾಸಣೆ. ಒಂದು ಬೇವಿನ ಗಿಡದ ಹತ್ತಿರ ನಿಲ್ಲಿಸಿ, ಮುಚ್ಚಳ ತೆಗೆದು ಸುರಿಯತೊಡಗಿದಳು, ಬೀಳುವ ನೀರು ಕಂಡದ್ದೇ ಬಗ್ಗಿ ಓಕರಿಸಿದಳು. ಹೊರಗೆ ಬರಲು ಒಳಗೆ ಏನೂ ಇರಲಿಲ್ಲ.

“ಯವ್ವಾ, ನೀರು ಯಾಕ ಚೆಲ್ಲಾಕತ್ತಿ?”

ಗಿಡದ ಆಚೆ, ಕಿತ್ತ ಕಡಲೆಯ ಗುಡ್ಡೆಯ ಪಕ್ಕ ಒಬ್ಬ ಮುದುಕಿ ಕೂತಿದ್ದಳು. ತಲೆಯ ಮೇಲೆ ಸೆರಗು, ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಸೀರೆ, ಪಕ್ಕದಲ್ಲಿ ಒದ್ದೆ ಅರಿವೆ ಸುತ್ತಿದ ಕೊಡ. ಇಷ್ಟು ಹೊತ್ತು ಎಲ್ಲ ನೋಡಿದ್ದಾಳೆ. ತಸ್ಲೀಮಳಿಗೆ ಮೊದಲು ಬಂದದ್ದು ತಿರಸ್ಕಾರವೇ: ಇವಳಿಗೇನು ಗೊತ್ತು, ಕಡಲೆ ಕಾಯುವವಳು. “ನೀರು ಕೆಟ್ಟೈತಿ,” ಎಂದಳು.

“ತಾ ಇಲ್ಲೆ.” ಮುದುಕಿ ಎದ್ದು ಬಂದು ಬಾಟಲಿ ಕಸಿದುಕೊಂಡು, ಉಳಿದ ನೀರನ್ನು ಮೂಸಿ, ಒಂದು ಗುಟುಕು ಕುಡಿದೇ ನೋಡಿದಳು. “ಲಿಂಬಿ ಸರಬತ್ತಲ್ಲಬೇ ಇದು! ಕೆಟ್ಟಿದ್ದು ನೀರಲ್ಲ, ನಿನ್ನ ಮಾರಿ ಕೆಟ್ಟೈತಿ. ಕುಂಡ್ರು.” ಕೂರಿಸಿದಳು. ಬಾಟಲಿ ಬಾಯಿಗಿಟ್ಟಳು. ತಸ್ಲೀಮ ಮುಖ ತಿರುಗಿಸಿದಳು. ಮುದುಕಿ ಅವಳನ್ನೂ, ರಸ್ತೆಯನ್ನೂ, ದೂರದಲ್ಲಿ ಚುಕ್ಕೆಗಳಂತೆ ಬರುತ್ತಿದ್ದ ಗಂಡಸರ ಸೈಕಲ್ಲುಗಳನ್ನೂ ನೋಡಿದಳು. ಅಷ್ಟೇ ಸಾಕಾಯಿತು.

“ಕುಂಡ್ರಾಕ ಜಾಗಾ ಇಲ್ಲಂತ ಕುಡಿಯವಲ್ಲಿ, ಹೌದಿಲ್ಲೋ?”

ತಸ್ಲೀಮಳ ಕಣ್ಣು ಉರಿಯುತ್ತಿತ್ತು, ಅಳಲೂ ನೀರಿರಲಿಲ್ಲ.

“ನಾವು ಎಷ್ಟ ಮಂದಿ ಹೆಂಗಸರು ಈ ರಸ್ತೆ ಹೊಲದಾಗ ಮುಂಜಾನಿಂದ ಸಂಜೀತನ ಒಣಾ ಬಾಯಿ ದುಡಿತೀವಿ, ಗೊತ್ತೈತೇನು? ನನ್ನ ಸೊಸಿ ಸುದ್ದಾ ಇದ ಜಡ್ಡು ಹಿಡಿಸಿಕೊಂಡು ದವಾಖಾನಿ ಕಂಡಾಳ. ಏಳು, ಆ ಬದುವಿನ ಕೆಳಗ ಕುಂಡ್ರು. ನಾ ನಿಂತೇನಿ.” ಮುದುಕಿ ರಸ್ತೆಗೆ ಎದುರಾಗಿ, ಸೆರಗನ್ನು ಎರಡೂ ಕೈಯಲ್ಲಿ ಅಗಲ ಮಾಡಿ ಹಿಡಿದು ನಿಂತಳು. ಅದರ ಹಿಂದೆ ತಸ್ಲೀಮ, ಮೂವತ್ತೆಂಟು ವರ್ಷದ ಗಣಿತದ ಮೇಡಂ, ಹೆಲ್ಮೆಟ್ಟು ಹಾಕಿಕೊಂಡೇ ಕೂತಳು. ಬಂದದ್ದು ಉರಿಯುವ ನಾಲ್ಕು ಹನಿ, ಚಹಾದ ಬಣ್ಣ. ಗಂಡಸರ ಸೈಕಲ್ಲುಗಳು ರಸ್ತೆಯ ಮೇಲೆ ಸರಸರ ಹಾದುಹೋದವು, ಯಾರೋ “ಮೇಡಂ ಎಲ್ಲಿ?” ಎಂದದ್ದು ಕೇಳಿಸಿತು. “ಹೋಗ್ರಿ ಹೋಗ್ರಿ, ಬರ್ತಾಳ!” ಎಂದು ಮುದುಕಿ ಗದರಿದಳು. ಆಮೇಲೆ ಬದುವಿನ ಮೇಲೆ ಕೂರಿಸಿ ಕೊಡದಿಂದ ಎರಡು ತಂಬಿಗೆ ನೀರು ಕುಡಿಸಿದಳು, ನಡುನಡುವೆ ಹಸಿ ಕಡಲೆ ಬಿಡಿಸಿ ಕೈಗೆ ಹಾಕಿದಳು. ಶೇಖವ್ವ ಅಂತ ಹೆಸರು. ನೀನು ಏನು ಕೆಲಸ ಮಾಡುತ್ತಿ ಎಂದು ಕೇಳಿದಳು. ತಸ್ಲೀಮ ಹೇಳಿದಳು.

“ಸಾಲಿ ಬಾಯೋರೇನು! ನಿಮ್ಮ ಸಾಲ್ಯಾಗ ಹುಡುಗ್ಯಾರಿಗೆ ಐತೇನವಾ ಜಾಗಾ?”

“ಐತಿ,” ಎಂದಳು ತಸ್ಲೀಮ.

“ಹಂಗಾರ ಆ ಹುಡುಗ್ಯಾರು ಪುಣ್ಯಾ ಮಾಡ್ಯಾರ ಬಿಡು,” ಎಂದಳು ಶೇಖವ್ವ, ನಿಜವಾಗಿ ಸಂತೋಷಪಟ್ಟು. ಈ ಮುಖದ ಮೇಲೆ ವ್ಯಂಗ್ಯದ ಗೆರೆಯೊಂದಾದರೂ ಇದ್ದಿದ್ದರೆ ತಸ್ಲೀಮ ಬದುಕಿಕೊಳ್ಳುತ್ತಿದ್ದಳು.

ಸುನಿತಾಳಿಗೆ ಫೋನು ಮಾಡಿದಾಗ ಹನ್ನೆರಡು ದಾಟಿತ್ತು. “ಕೀಲಿ ನನ್ನ ಹತ್ರ ಐತ್ರಿ. ಸುಳ್ಳು ಹೇಳಿದ್ನಿ. ಬೀಗ ಒಡೀರಿ,” ಎಂದಳು, ಒಂದೇ ಉಸಿರಿನಲ್ಲಿ. ಆ ಕಡೆಯಿಂದ ಸುನಿತಾ: “ಈಗ ಯಾರಿಗ್ರಿ ಮೇಡಂ ಒಡೀಲಿ? ಸಾಲಿ ಬಿಟ್ಟೈತಿ. ಕೈನಾತನ್ನ ಅವರವ್ವ ಹತ್ತೂವರಿಗೇ ಬಂದು ಕರಕೊಂಡು ಹೋದ್ಲು. ಹೋದ ತಿಂಗಳಿಂದ ಉರಿಮೂತ್ರ ಅಂತ, ಔಷಧ ನಡದೈತಂತ. ಡಾಕ್ಟರು ನೀರು ಕುಡಿ ಅಂದ್ರ ಕುಡಿಯಾಂಗಿಲ್ಲಂತ. ಯಾಕಬೇ ಅಂತ ಕೇಳಿದ್ರ ನಿಮ್ಮ ಹೆಸರು ಹೇಳ್ತಾಳ. ತಸ್ಲೀಮ ಮೇಡಂ ಕುಡಿಯಾಂಗಿಲ್ಲ, ಅವರಿಗೆ ಏನೂ ಆಗಿಲ್ಲ ಅಂತಾಳ.”

ಮುಂಡರಗಿಯಲ್ಲಿ ಆರೂ ಜನ ಕಾಯುತ್ತಿದ್ದರು. ಇವಳ ಬಾಟಲಿ ಅರ್ಧ ತುಂಬಿತ್ತು, ಶೇಖವ್ವ ಕೊಡದಿಂದ ತುಂಬಿಸಿ ಕಳಿಸಿದ್ದು, ದಾರಿಯಲ್ಲಿ ಅರ್ಧ ಕುಡಿದದ್ದು. ಅದನ್ನು ತಲೆಕೆಳಗು ಮಾಡಿ ವೀರೇಶನ ಬೂಟಿನ ಮೇಲೆ ಸುರಿಯುವ ಆಸೆಯಾಯಿತು. ಮಾಡಲಿಲ್ಲ, ನೀರು ಬೇಕಾಗಿತ್ತು. “ನಾ ಹೊಳೀಗೆ ಬರಂಗಿಲ್ಲ. ಇಲ್ಲಿಂದನ ಗದಗಕ್ಕ ಹೊಂಟೆ,” ಎಂದಳು.

“ಯಾಕ್ರಿ ಮೇಡಂ? ಚಾರ್ಟ್ ಪ್ರಕಾರ ಕುಡದೀರಿ, ನಿಮಗ ಹೆಂಗ...”

“ಕುಡದಿಲ್ಲ. ಮುಂಜಾನಿಂದ ಎಲ್ಲಾ ಚೆಲ್ಲೇನಿ. ನೀವು ರಸ್ತಾದ ಬಾಜೂ ಸಾಲ ಹಚ್ಚಿ ನಿಂದರ್ತೀರಲ್ರಿ, ನಾ ಎಲ್ಲಿ ಕುಂಡ್ರಲಿ? ನಿಮ್ಮ ಚಾರ್ಟಿನಾಗ ಅದ ಎಲ್ಲೈತಿ?”

ಆರು ಗಂಡಸರು ಆರು ದಿಕ್ಕು ನೋಡಿದರು. ನಿಜಾಮುದ್ದೀನ ತನ್ನ ಕಿರುಬೆರಳಿನ ಉಗುರನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸಿದ. “ಹೇಳಬೇಕಿತ್ರಿ ಮೇಡಂ,” ಎಂದ ವೀರೇಶ, ಕಿವಿ ಕೆಂಪಾಗಿತ್ತು. ಹೇಳಬೇಕಿತ್ತಂತೆ. ಇವನನ್ನು ಎಷ್ಟು ಬೇಕಾದರೂ ಕೀಳಾಗಿ ನೋಡಬಹುದಿತ್ತು, ಬೆಳಿಗ್ಗೆಯಿಂದ ಅದೇ ಮಾಡಿಕೊಂಡು ಬಂದಿದ್ದಳು, ಆದರೆ ಅವನು ಇವಳನ್ನು “ಯಾಕ?” ಎಂದು ನಾಲ್ಕು ಜನರ ಮುಂದೆ ಕೇಳಿ ಕೂರಿಸಿರಲಿಲ್ಲ. ಗದಗಿನವರೆಗಿನ ನಲವತ್ತು ಕಿಲೋಮೀಟರನ್ನು ಒಬ್ಬಳೇ ತುಳಿದಳು, ಹದಿನೈದು ನಿಮಿಷಕ್ಕೊಮ್ಮೆ ಕುಡಿಯುತ್ತ, ಎರಡು ಕಡೆ ಬಾಟಲಿ ತುಂಬಿಸಿಕೊಳ್ಳುತ್ತ. ಕೈನಾತಳಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸಿದಳು. ನನ್ನಿಂದ ತಪ್ಪಾಯಿತು, ನಾನು ಹೇಳಿದ್ದು ಮರೆತುಬಿಡು, ನಾಳೆಯಿಂದ ಬೀಗ ಇರುವುದಿಲ್ಲ. ಗುಡ್ಡದ ಗಾಳಿಕಂಬಗಳ ಕೆಳಗೆ ಅದನ್ನು ಗಟ್ಟಿಯಾಗಿ ಹೇಳಿ ನೋಡಿದಳು. ಚೆನ್ನಾಗಿ ಕೇಳಿಸಿತು, ಅದಕ್ಕೇ ಅನುಮಾನ ಬಂತು.

ಬೆಟಗೇರಿಯಲ್ಲಿ ಕೈನಾತಳ ತಾಯಿ ಬಾನುಬಿಯ ಮನೆ ಒಂದು ವಠಾರದ ಕೊನೆಗೆ, ಬಾಗಿಲ ಮುಂದೆ ಎರಡು ನೀಲಿ ಬ್ಯಾರಲ್ಲು. ನಾಲ್ಕೂವರೆಯ ಬಿಸಿಲಿನಲ್ಲಿ ಸೈಕಲ್ಲಿಳಿದ ಮೇಡಂನ್ನು ಕಂಡು ಬಾನುಬಿ ಗಾಬರಿಯಿಂದ ಚಾಪೆ ಹಾಸಿದಳು. “ಬರ್ರಿ ಮೇಡಂ, ಕುಂಡ್ರಿ. ಈಕಿಗೆ ನೀವರ ಹೇಳ್ರಿ, ನನ್ನ ಮಾತು ಕೇಳವಲ್ಲಳು.” ಕೈನಾತ ಗೋಡೆಗೊರಗಿ ಕೂತಿದ್ದಳು, ಮುಖ ಸಣ್ಣಗಾಗಿತ್ತು, ಪಕ್ಕದಲ್ಲಿ ಜೀರಿಗೆ ನೀರಿನ ಲೋಟ ತುಂಬಿದ ಹಾಗೇ ಇತ್ತು. ಮೇಡಂನ್ನು ನೋಡಿ ಏಳಹೋದಳು.

ತಸ್ಲೀಮ ಕೂರಲಿಲ್ಲ. ಕೂರುವ ಹಾಗಿರಲಿಲ್ಲ. ಶೇಖವ್ವನ ಎರಡು ತಂಬಿಗೆ, ದಾರಿಯ ಮೂರು ಬಾಟಲಿ, ಬೆಳಗಿನಿಂದ ಕಾದಿದ್ದ ಮೈಗೆ ಒಮ್ಮೆಲೇ ಬಂದಿದ್ದವು. ಗದಗಿನ ರೈಲು ಹಳಿ ದಾಟುವಾಗಿನಿಂದ ತುಟಿ ಕಚ್ಚಿಕೊಂಡಿದ್ದಳು. ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಗೊಂಚಲಿನಿಂದ ಶಾಲೆಯ ಕೀಲಿ ಬಿಡಿಸಿ ಚಾಪೆಯ ಮೇಲಿಟ್ಟಳು. ಆಮೇಲೆ ತನ್ನ ವಿದ್ಯಾರ್ಥಿನಿಯ ಮುಂದೆ, ಅವಳ ತಾಯಿಯ ಮುಂದೆ, ಬಾಗಿಲಲ್ಲಿ ಇಣುಕುತ್ತಿದ್ದ ನೆರೆಯವರ ಮುಂದೆ ಕೇಳಿದಳು.

“ಕೈನಾತ, ನಿಮ್ಮ ಪಾಯಖಾನಿ ಕೀಲಿ ಕೊಡ್ತೀ ಏನವಾ?”

ಕೈನಾತ ಎದ್ದಳು. ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ್ದ ಕೀಲಿ ತೆಗೆದು ಕೊಟ್ಟಳು. ತಾಯಿ ಬೇಡ ಎನ್ನುವಷ್ಟರಲ್ಲಿ ಬ್ಯಾರಲ್ಲಿನ ಮುಚ್ಚಳ ಸರಿಸಿ, ಮುಂದಿನ ಎಂಟು ದಿನಕ್ಕೆಂದು ಹಿಡಿದಿಟ್ಟ ನೀರಿನಲ್ಲಿ ಬಕೆಟ್ ತುಂಬಾ ಮೊಗೆದು, ಎರಡೂ ಕೈಯಲ್ಲಿ ಎತ್ತಿ ಮೇಡಂನ ಮುಂದಿಟ್ಟಳು. ಯಾಕೆ ಎಂದು ಕೇಳಲಿಲ್ಲ.